ಒಂದೇ ಹಕ್ಕಿಗೆ ಒಂದು ಬೆಳಗು: ನೈವಾಶಾ ದಂಡೆಯ ಪಕ್ಷಿನಡಿಗೆಯ ವಿಮರ್ಶೆ

ನೈರೋಬಿಯಿಂದ ವಾಯವ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರವಿರುವ ನೈವಾಶಾ ಸರೋವರದಲ್ಲಿ ನಮ್ಮ ಕಡೆಯಿಂದ ಬರುವ ಪ್ರವಾಸಿಗರು ಸಾಮಾನ್ಯವಾಗಿ ಮಸಾಯಿ ಮಾರಾಕ್ಕೆ ಹೋಗುವಾಗಲೋ ಅಲ್ಲಿಂದ ಮರಳುವಾಗಲೋ ಒಂದು ರಾತ್ರಿ ತಂಗುತ್ತಾರೆ. ದೋಣಿಯಲ್ಲಿ ಒಂದು ಗಂಟೆ ಸುತ್ತಿ, ನೀರಾನೆಗಳ ಕಿವಿಗಳನ್ನೂ ಮೀನುಗಿಡುಗ ನೀರಿಗೆರಗುವುದನ್ನೂ ಕ್ಯಾಮೆರಾದಲ್ಲಿ ತುಂಬಿಕೊಂಡು ಹೊರಟುಬಿಡುತ್ತಾರೆ. ಅದೇ ದಂಡೆಯ ಜಾಲಿಮರಗಳ ನಡುವೆ ಸ್ಥಳೀಯ ಗೈಡ್‌ಗಳ ಒಂದು ಚಿಕ್ಕ ತಂಡ ನಡೆಸುವ ಬೆಳಗಿನ ಪಕ್ಷಿನಡಿಗೆಯ ಕುರಿತು ಈ ವಿಮರ್ಶೆ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಒಂದೆರಡು ದೂರುಗಳನ್ನೂ ಹೇಳಬೇಕಾಗಿರುವುದರಿಂದ ತಂಡದ ಹೆಸರನ್ನು ಬಿಟ್ಟಿದ್ದೇನೆ; ಈ ಬಗೆಯ ತಂಡಗಳು ಸರೋವರದ ದಕ್ಷಿಣ ದಂಡೆಯ ರಸ್ತೆಯುದ್ದಕ್ಕೂ ಹಲವಿವೆ, ಇಲ್ಲಿ ಹೇಳುವ ಮಾತುಗಳಲ್ಲಿ ಹೆಚ್ಚಿನವು ಅವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತವೆ.

ತಂಡದವರ ಬಳಿ ಎರಡು ಬಗೆಯ ನಡಿಗೆಗಳಿವೆ. ಮೊದಲನೆಯದು ಎಲ್ಲೆಡೆ ಸಿಗುವಂಥದ್ದು: ಮೂರು ಗಂಟೆಯೊಳಗೆ ಸಾಧ್ಯವಾದಷ್ಟು ಜಾತಿಯ ಹಕ್ಕಿಗಳನ್ನು ತೋರಿಸಿ, ಕೊನೆಗೆ ಗುರುತು ಹಾಕಿದ ಪಟ್ಟಿಯೊಂದನ್ನು ಕೈಗಿಡುತ್ತಾರೆ. ಎರಡನೆಯದು ಮೊದಲೇ ಕೇಳಿಕೊಂಡವರಿಗೆ ಮಾತ್ರ. ಅದರಲ್ಲಿ ಗೈಡ್ ಬೆಳಗಿನ ಹೊತ್ತನ್ನೆಲ್ಲ ಒಂದೇ ಜಾತಿಯ ಒಂದೇ ಗುಂಪಿನ ಹಿಂದೆ ಕಳೆಯುತ್ತಾರೆ. ತುಮಕೂರಿನಿಂದ ಬಂದಿದ್ದ ನಮ್ಮ ಚಿಕ್ಕಮ್ಮ ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ; ಪಟ್ಟಿ ತುಂಬಿಸುವ ಓಟ ತಮಗೆ ಬೇಡವೆಂದು ಅವರು ಮೊದಲೇ ಹೇಳಿದ್ದರಿಂದ ನಾವು ಎರಡನೆಯದನ್ನು ಆರಿಸಿಕೊಂಡೆವು. ಇಬ್ಬರಿಗೆ ಸೇರಿ 6,000 ಶಿಲ್ಲಿಂಗ್, ಅಂದರೆ ನಮ್ಮ ಹಣದಲ್ಲಿ ಹೆಚ್ಚುಕಡಿಮೆ 4,000 ರೂಪಾಯಿ. ಮೊದಲ ಬಗೆಯ ನಡಿಗೆಗೆ ಇದರ ಅರ್ಧದಷ್ಟೇ ದರ. ಹೆಚ್ಚಿನ ಹಣಕ್ಕೆ ಹೆಚ್ಚಿನದೇನು ಸಿಗುತ್ತದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ನಾವು ಕೇಳಿಕೊಂಡ ಹಕ್ಕಿ ಗ್ರೀನ್ ವುಡ್‌ಹೂಪೋ. ಕರ್ನಾಟಕದ ಹೊಲ, ಅಂಗಳಗಳಲ್ಲಿ ನೆಲ ಕೆದಕುತ್ತ ಓಡಾಡುವ ಚಂದ್ರಮುಕುಟಕ್ಕೆ ಇದು ಸಂಬಂಧಿಯೇ ಆದರೂ ಇದರ ಕುಟುಂಬ ಬೇರೆ, ಮತ್ತು ಆ ಕುಟುಂಬದ ಹಕ್ಕಿಗಳು ಇಂದು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮಾತ್ರ ಬದುಕಿವೆ. ಒಂದಡಿಗಿಂತ ತುಸು ಹೆಚ್ಚು ಉದ್ದ, ಅದರಲ್ಲಿ ಅರ್ಧ ಬಾಲವೇ. ದೂರದಿಂದ ಬರೀ ಕಪ್ಪಾಗಿ ಕಾಣುವ ಮೈ ಬಿಸಿಲು ತಾಗಿದೊಡನೆ ಹಸಿರು, ನೀಲಿ, ನೇರಳೆಯಾಗಿ ಹೊಳೆಯುತ್ತದೆ. ಬಾಗಿದ ಉದ್ದನೆಯ ಕೊಕ್ಕು ಮತ್ತು ಗಿಡ್ಡ ಕಾಲುಗಳು ಕೆಂಪು, ರೆಕ್ಕೆಯಲ್ಲೂ ಬಾಲದ ಅಂಚಿನಲ್ಲೂ ಬಿಳಿ ಮಚ್ಚೆಗಳು. ಚಂದ್ರಮುಕುಟಕ್ಕಿರುವ ಜುಟ್ಟು ಇದಕ್ಕಿಲ್ಲ. ಅಪರೂಪದ ಹಕ್ಕಿಯೂ ಅಲ್ಲ, ಅಳಿವಿನ ಅಂಚಿನಲ್ಲಿರುವುದೂ ಅಲ್ಲ. ಆದರೂ ಇದನ್ನು ನೋಡಲು ನೈವಾಶಾವನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣವಿದೆ: ಅಮೆರಿಕದ ಡೇವಿಡ್ ಮತ್ತು ಸಾಂಡ್ರಾ ಲಿಗನ್ ದಂಪತಿ 1975ರಲ್ಲಿ ಈ ಸರೋವರದ ದಂಡೆಯಲ್ಲೇ ಈ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಯಾವುದು ಯಾವ ಗುಂಪಿನದು, ಯಾವುದು ಯಾರ ಮರಿಗೆ ಉಣಿಸುತ್ತದೆ ಎಂಬುದನ್ನು ವರ್ಷಗಟ್ಟಲೆ ದಾಖಲಿಸಿದರು. ತನ್ನದಲ್ಲದ ಮರಿಯನ್ನು ಹಕ್ಕಿ ಏಕೆ ಸಾಕುತ್ತದೆ ಎಂಬ ಪ್ರಶ್ನೆಗೆ ಅವರು 1978ರಲ್ಲಿ ನೇಚರ್ ಪತ್ರಿಕೆಯಲ್ಲಿ ಮುಂದಿಟ್ಟ ಉತ್ತರ ಈ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಗೆ ಬರುತ್ತದೆ.

ಸೇವೆಯ ಮೊದಲ ಗುಣ ನಡಿಗೆ ಆರಂಭವಾಗುವ ಮುನ್ನವೇ ತಿಳಿಯಿತು. ವುಡ್‌ಹೂಪೋ ಗುಂಪಿಗೆ ತನ್ನ ಸರಹದ್ದಿನೊಳಗೆ ಮಲಗಲು ಒಂದಕ್ಕಿಂತ ಹೆಚ್ಚು ಪೊಟರೆಗಳಿರುತ್ತವೆ, ಇಂದು ಮಲಗಿದಲ್ಲಿ ನಾಳೆಯೂ ಮಲಗಬೇಕೆಂದಿಲ್ಲ. ಹಾಗಾಗಿ ಬೆಳಿಗ್ಗೆ ಯಾವ ಮರದ ಮುಂದೆ ನಿಲ್ಲಬೇಕೆಂದು ಗೊತ್ತಾಗಬೇಕಾದರೆ ಹಿಂದಿನ ಸಂಜೆ ಯಾರಾದರೂ ಹೋಗಿ, ಹಕ್ಕಿಗಳು ಒಳಸೇರುವುದನ್ನು ಕಣ್ಣಾರೆ ಕಂಡಿರಬೇಕು. ನಮ್ಮ ಗೈಡ್ ಆ ಕೆಲಸ ಮಾಡಿದ್ದರು, ಮರದ ಬುಡದಿಂದ ಎಷ್ಟು ಹೆಜ್ಜೆ ದೂರ ನಿಂತರೆ ಬೆಳಕು ನಮ್ಮ ಬೆನ್ನಿಗೆ ಬರುತ್ತದೆ ಎಂಬುದನ್ನೂ ನೋಡಿಟ್ಟುಕೊಂಡಿದ್ದರು. ಭೂಮಧ್ಯರೇಖೆಗೆ ಇಷ್ಟು ಹತ್ತಿರವಿರುವ ಊರಿನಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸಿನಲ್ಲೇ. ಆರಕ್ಕೆ ಬರುತ್ತೇನೆಂದ ಗೈಡ್ ಆರಕ್ಕೇ ಬಾಗಿಲಲ್ಲಿದ್ದರು.

ನಿಲ್ಲಿಸಿದ್ದು ಫೀವರ್ ಟ್ರೀ ಎಂದು ಇಲ್ಲಿಯವರು ಕರೆಯುವ, ಹಳದಿ ತೊಗಟೆಯ ದೊಡ್ಡ ಜಾಲಿಮರವೊಂದರ ಎದುರು. ಸುಮಾರು ಮೂರಾಳೆತ್ತರದಲ್ಲಿ, ಮುರಿದ ಕೊಂಬೆಯ ಗುರುತಿನ ಕೆಳಗೆ, ಮುಷ್ಟಿ ಹಿಡಿಸುವಷ್ಟು ಅಗಲದ ಪೊಟರೆ. ಅದರ ಕೆಳಬದಿಯ ತೊಗಟೆ ಉಗುರುಗಳ ಉಜ್ಜಾಟದಿಂದ ನುಣುಪಾಗಿ, ಉಳಿದ ಭಾಗಕ್ಕಿಂತ ಬೇರೆಯೇ ಬಣ್ಣಕ್ಕೆ ತಿರುಗಿತ್ತು. ಗೈಡ್ ದೂರದರ್ಶಕವನ್ನು ಅದರ ಮೇಲೆ ನಿಲ್ಲಿಸಿ ಸುಮ್ಮನಾದರು. ಬೇರೆ ಹಕ್ಕಿಗಳೆಲ್ಲ ಎದ್ದು ಗದ್ದಲ ಶುರುಮಾಡಿ ಬಹಳ ಹೊತ್ತಾದರೂ ಪೊಟರೆಯಲ್ಲಿ ಚಲನೆಯಿರಲಿಲ್ಲ. ಕೊಂಬೆಗೆ ಬಿಸಿಲು ಬಿದ್ದ ಮೇಲೆ ಕೆಂಪು ಕೊಕ್ಕಿನ ತುದಿಯೊಂದು ಹೊರಗೆ ಬಂದು, ಒಳಗೆ ಹೋಗಿ, ಮತ್ತೆ ಬಂತು. ಆಮೇಲೆ ಒಂದರ ಹಿಂದೊಂದು ಐದು ಹಕ್ಕಿಗಳು ಜಾರಿ ಹೊರಬಿದ್ದು ಕಾಂಡಕ್ಕೆ ಅಂಟಿಕೊಂಡವು, ಪಕ್ಕದ ಮರದ ಇನ್ನೊಂದು ಬಿರುಕಿನಿಂದ ಮತ್ತೆರಡು ಬಂದವು. ಎರಡರ ಕೊಕ್ಕು ಕಪ್ಪಗಿತ್ತು. ಅವು ಆ ವರ್ಷದ ಮರಿಗಳೆಂದೂ, ಕೊಕ್ಕಿಗೆ ಕೆಂಪೇರಲು ಇನ್ನೂ ತಿಂಗಳುಗಳು ಬೇಕೆಂದೂ ಗೈಡ್ ಪಿಸುಗುಟ್ಟಿದರು.

ಇಷ್ಟು ತಡವಾಗಿ ಏಳುವುದಕ್ಕೆ ಗೈಡ್ ಕೊಟ್ಟ ವಿವರಣೆ ನನಗೆ ಸರಿಯೆನಿಸಿತು. ನೈವಾಶಾ ಸಮುದ್ರಮಟ್ಟದಿಂದ 1,880 ಮೀಟರಿಗಿಂತಲೂ ಎತ್ತರದಲ್ಲಿದೆ, ಹಗಲು ಸೆಖೆಯಾದರೂ ರಾತ್ರಿ ನಡುಗಿಸುವ ಚಳಿ. ಸಣ್ಣ ಮೈಯ ಹಕ್ಕಿಗೆ ಬಯಲ ಕೊಂಬೆಯ ಮೇಲೆ ರಾತ್ರಿ ಕಳೆಯುವುದು ದುಬಾರಿ. ಪೊಟರೆಯೊಳಗೆ ಒಂದರ ಮೈಗೆ ಒಂದು ಒತ್ತಿಕೊಂಡು ಮಲಗಿದರೆ ಶಾಖ ಉಳಿಯುತ್ತದೆ, ಶಾಖ ಉಳಿದರೆ ಬೆಳಗಿನ ಆಹಾರದ ಆತುರವೂ ಕಡಿಮೆ. ಈ ಹಕ್ಕಿಯ ಬದುಕೆಲ್ಲ ಪೊಟರೆಯ ಸುತ್ತಲೇ ಹೆಣೆದುಕೊಂಡಿರುವುದು ಇದೇ ಕಾರಣಕ್ಕೆ. ತಾನಾಗಿ ಮರ ಕೊರೆಯುವ ಶಕ್ತಿ ಇದಕ್ಕಿಲ್ಲ. ಕೊಂಬೆ ಮುರಿದು ಕೊಳೆತ ಜಾಗವನ್ನೋ ಮರಕುಟಿಗ, ಕುಟ್ರುಹಕ್ಕಿಗಳು ಬಿಟ್ಟುಹೋದ ತೂತನ್ನೋ ನೆಚ್ಚಿಕೊಳ್ಳಬೇಕು, ಅಂಥವು ಎಲ್ಲ ಮರಗಳಲ್ಲೂ ಇರುವುದಿಲ್ಲ. ಪೊಟರೆಗೆ ಅಪಾಯವೂ ತಪ್ಪಿದ್ದಲ್ಲ: ಪುನುಗುಬೆಕ್ಕಿನ ಬಳಗದ ಜೆನೆಟ್ ರಾತ್ರಿ ಮರವೇರಿ ಕೈಹಾಕಿದರೆ ಒಳಗಿರುವವಕ್ಕೆ ಓಡಲು ಬೇರೆ ದಾರಿಯಿಲ್ಲ, ದಂಡೆತ್ತಿ ಬರುವ ಇರುವೆಗಳು ಹೊಕ್ಕರೂ ಅದೇ ಗತಿ. ತಂಡದವರು ಕೊಡುವ ಕರಪತ್ರದಲ್ಲಿ ಮಾತ್ರ ಈ ಹಕ್ಕಿ ‘ಕೊಕ್ಕಿನಿಂದ ಗೂಡು ಕೊರೆಯುತ್ತದೆ’ ಎಂದು ಅಚ್ಚಾಗಿದೆ. ಗೈಡ್‌ಗೆ ಸರಿಯಾಗಿ ಗೊತ್ತಿರುವುದು ಅವರದೇ ತಂಡದ ಕರಪತ್ರಕ್ಕೆ ಗೊತ್ತಿಲ್ಲವೆಂದರೆ ವಿಚಿತ್ರ. ಮುಂದಿನ ಮುದ್ರಣದಲ್ಲಾದರೂ ಅದನ್ನು ತಿದ್ದಬೇಕು.

ಮುಂದಿನ ಎರಡು ಗಂಟೆ ಗುಂಪಿನ ಹಿಂದೆ ನಡೆದದ್ದೇ ಈ ನಡಿಗೆಯ ತಿರುಳು. ಈ ಹಕ್ಕಿಗಳು ನಿಂತಲ್ಲಿ ನಿಲ್ಲುವುದಿಲ್ಲ, ಹಾಗೆಂದು ದೂರವೂ ಹಾರುವುದಿಲ್ಲ. ಒಂದು ಮರದ ಬುಡದ ಕೊಂಬೆಗಳಿಂದ ತುದಿಯವರೆಗೆ ಹುಡುಕಿ ಮುಗಿಸಿ, ಒಂದು ಹಾರಿದರೆ ಉಳಿದವು ಸಾಲುಗಟ್ಟಿ ಅದರ ಹಿಂದೆ ಮುಂದಿನ ಮರಕ್ಕೆ ಹೋಗುತ್ತವೆ; ಆದ್ದರಿಂದ ಅರವತ್ತೈದು ದಾಟಿದ ಚಿಕ್ಕಮ್ಮನಿಗೂ ಅವುಗಳ ಜೊತೆ ಹೆಜ್ಜೆ ಹಾಕುವುದು ಕಷ್ಟವಾಗಲಿಲ್ಲ. ಬಲವಾದ ಕಾಲ್ಬೆರಳುಗಳಿಂದ ತೊಗಟೆ ಹಿಡಿದು ತಲೆಕೆಳಗಾಗಿ ಜೋತು, ಕೊಂಬೆಯ ಅಡಿಭಾಗವನ್ನು ಇಂಚಿಂಚಾಗಿ ಶೋಧಿಸುವುದನ್ನು ದೂರದರ್ಶಕದಲ್ಲಿ ನೋಡುವಾಗ ಗೈಡ್ ಗಂಡು ಹೆಣ್ಣಿನ ವ್ಯತ್ಯಾಸ ತೋರಿಸಿದರು. ಗಂಡಿನ ಕೊಕ್ಕು ಎದ್ದುಕಾಣುವಷ್ಟು ಉದ್ದ, ಅದನ್ನು ಆಳವಾದ ಬಿರುಕಿಗೆ ಬುಡದವರೆಗೂ ತೂರಿಸುತ್ತದೆ; ಹೆಣ್ಣು ಮೇಲ್ಪದರದ ತೊಗಟೆಯ ಚಕ್ಕೆಗಳನ್ನು ಹೆಕ್ಕುತ್ತದೆ. ಒಂದೇ ಮರದಲ್ಲಿ ಉಂಡರೂ ಹೀಗೆ ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆಯಾಗುತ್ತದೆ. ತಿನ್ನುವುದು ಕಂಬಳಿಹುಳು, ದುಂಬಿಯ ಮರಿಹುಳು, ಜೇಡ, ಗೆದ್ದಲು ಮುಂತಾದವು. ನಾವು ನೋಡುತ್ತಿದ್ದಂತೆ ಒಂದು ಗಂಡು ತೊಗಟೆಯಡಿಯಿಂದ ಕಿರುಬೆರಳಿನಷ್ಟು ದಪ್ಪದ ಹುಳುವನ್ನೆಳೆದು, ಕೊಂಬೆಗೆ ನಾಲ್ಕಾರು ಸಲ ಬಡಿದು, ತಾನು ನುಂಗದೆ ಪಕ್ಕದಲ್ಲಿ ರೆಕ್ಕೆ ಅದುರಿಸುತ್ತ ಕುಳಿತಿದ್ದ ಕಪ್ಪುಕೊಕ್ಕಿನ ಮರಿಯ ಬಾಯಿಗಿಟ್ಟಿತು.

ಆ ಗಂಡು ಮರಿಯ ತಂದೆಯೇ ಆಗಿರಬೇಕೆಂದಿಲ್ಲ. ಒಂದು ಗುಂಪಿನಲ್ಲಿ ಮೊಟ್ಟೆಯಿಡುವುದು ಒಂದೇ ಜೋಡಿ. ಉಳಿದವು ಆ ಜೋಡಿಯ ಮರಿಗಳಿಗೆ ಆಹಾರ ತರುತ್ತವೆ, ಗೂಡು ಕಾಯುತ್ತವೆ, ಸರಹದ್ದಿಗಾಗಿ ಕಾದಾಡುತ್ತವೆ. ಹೆಣ್ಣೊಂದೇ ಎರಡೂವರೆ ವಾರ ಕಾವು ಕೂರುತ್ತದೆ, ಅಷ್ಟೂ ದಿನ ಅದಕ್ಕೆ ಉಣಿಸುವುದು ಗಂಡು ಮತ್ತು ಗುಂಪಿನ ಸದಸ್ಯರು. ಕರಪತ್ರ ಇವರೆಲ್ಲರನ್ನೂ ಅಣ್ಣ ಅಕ್ಕಂದಿರೆಂದು ಕರೆದು ಮುಗಿಸಿಬಿಡುತ್ತದೆ. ಹಲವು ಸಹಾಯಕರು ಹಾಗಿರುವುದು ನಿಜವಾದರೂ, ಹೊರಗಿನಿಂದ ಬಂದು ಸೇರಿಕೊಂಡ, ರಕ್ತಸಂಬಂಧವಿಲ್ಲದ ಹಕ್ಕಿಗಳೂ ಅಷ್ಟೇ ಶ್ರದ್ಧೆಯಿಂದ ದುಡಿಯುವುದನ್ನು ಲಿಗನ್ ದಂಪತಿ ಇದೇ ದಂಡೆಯಲ್ಲಿ ಕಂಡಿದ್ದರು, ಅವರ ವಾದ ಹುಟ್ಟಿದ್ದೇ ಅಲ್ಲಿಂದ. ಇಂದು ಸಾಕಿದ ಮರಿ ನಾಳೆ ಬೆಳೆದು, ಸಾಕಿದ ಹಕ್ಕಿಗೆ ತನ್ನದೇ ಸಂಸಾರ ಹೂಡುವ ಕಾಲ ಬಂದಾಗ ಅದರ ಪಾಳೆಯದ ಬಲವಾಗುತ್ತದೆ; ಪೊಟರೆಗಳೇ ಕಡಿಮೆಯಿರುವ ನಾಡಿನಲ್ಲಿ ಒಂಟಿಯಾಗಿ ಹೊರಟು ಜಾಗ ಹಿಡಿಯುವುದಕ್ಕಿಂತ ಸರತಿಯಲ್ಲಿ ಕಾಯುವುದು ಮೇಲು. ನಮ್ಮ ತೋಟಗಳ ಹರಟೆಮಲ್ಲಗಳೂ ಗುಂಪಾಗಿಯೇ ಮರಿ ಸಾಕುವುದನ್ನು ಬಲ್ಲ ಚಿಕ್ಕಮ್ಮ ಈ ಹಂತದಲ್ಲಿ ಕೇಳಿದ ಪ್ರಶ್ನೆಗಳು ಸುಲಭದವಾಗಿರಲಿಲ್ಲ. ಗೈಡ್ ಗೊತ್ತಿದ್ದಕ್ಕೆ ಉತ್ತರಿಸಿದರು, ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಅಮ್ಮ” ಎಂದರು. ಗೈಡ್‌ಗಳ ಬಾಯಲ್ಲಿ ಅಪರೂಪಕ್ಕೆ ಕೇಳುವ ಮಾತಿದು, ನನ್ನ ಅಂಕಪಟ್ಟಿಯಲ್ಲಿ ಅದಕ್ಕೆ ಹೆಚ್ಚಿನ ಅಂಕ.

ಗೂಡಿನ ವಾಸನೆಯ ವಿಷಯವನ್ನು ಅವರು ತುಂಬ ಚೆನ್ನಾಗಿ ವಿವರಿಸಿದರು. ಈ ಹಕ್ಕಿಯ ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿ ಕೊಳೆತ ವಸ್ತುವಿನಂತೆ ನಾರುವ ದ್ರವವನ್ನು ಸ್ರವಿಸುತ್ತದೆ. ಪೊಟರೆಯ ಬಾಯಿಗೆ ಯಾರಾದರೂ ಬಂದರೆ ಒಳಗಿರುವ ಹಕ್ಕಿಗಳು ಬೆನ್ನು ತಿರುಗಿಸಿ ಬಾಲವನ್ನು ಬಾಗಿಲ ಕಡೆಗೆ ಹಿಡಿಯುತ್ತವೆ. ಆ ಗ್ರಂಥಿಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿವೆ, ಅವುಗಳಲ್ಲೊಂದನ್ನು ವಿಜ್ಞಾನಿಗಳು 2003ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ ಹಕ್ಕಿಯ ಹೆಸರನ್ನೇ ಅದಕ್ಕೂ ಕೊಟ್ಟರು. ಹಾಗೆಂದು ಪೊಟರೆಯ ಹತ್ತಿರ ಹೋಗಿ ಮೂಸಿ ನೋಡಲು ಗೈಡ್ ಬಿಡಲಿಲ್ಲ. ಆ ಕುತೂಹಲವನ್ನು ನಾನೇ ಮುಂದಿಟ್ಟದ್ದು, ಬಿಡದೇ ಇದ್ದದ್ದು ಸರಿಯಾಯಿತು. ಇಷ್ಟೆಲ್ಲ ರಕ್ಷಣೆಯಿದ್ದರೂ ಜೇನುತೋರುಕ ಹಕ್ಕಿ ಕದ್ದು ಬಂದು ಇವುಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವುದುಂಟು.

ಒಂಬತ್ತರ ಹೊತ್ತಿಗೆ, ತೋಡೊಂದರ ಆಚೆ ದಡದಲ್ಲಿ ನೆರೆಯ ಗುಂಪು ಕಾಣಿಸಿಕೊಂಡಾಗ ಬೆಳಗಿನ ದೊಡ್ಡ ಪ್ರಸಂಗ ನಡೆಯಿತು. ಏಳೂ ಹಕ್ಕಿಗಳು ಒಂದೇ ಕೊಂಬೆಯ ಮೇಲೆ ಒಟ್ಟಾಗಿ, ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಉದ್ದ ಬಾಲಗಳನ್ನು ಎತ್ತಿ ಇಳಿಸುತ್ತ, ಉಸಿರು ಬಿಡದೆ ಕೇಕೆ ಹಾಕತೊಡಗಿದವು. ಆಚೆಯವು ನಿಲ್ಲಿಸಿದ ಕೂಡಲೇ ಇವು, ಇವು ನಿಲ್ಲಿಸಿದರೆ ಅವು. ಒಂದು ಹಕ್ಕಿ ಕೊಕ್ಕಿನಲ್ಲಿ ಮರಪಾಚಿಯ ತುಣುಕೊಂದನ್ನು ಬಾವುಟದಂತೆ ಹಿಡಿದು ಆಡಿಸುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಅಧ್ಯಯನಗಳ ಪ್ರಕಾರ ಇಂಥ ಕೇಕೆಯ ಕಾಳಗದಲ್ಲಿ ಸಾಮಾನ್ಯವಾಗಿ ದೊಡ್ಡ ಗುಂಪೇ ಗೆಲ್ಲುತ್ತದೆ, ಕಾಳಗ ಮುಗಿದ ಮೇಲೆ ಹಕ್ಕಿಗಳು ಒಂದರ ಗರಿಯನ್ನು ಇನ್ನೊಂದು ತೀಡುವುದು ಹೆಚ್ಚುತ್ತದೆ. ಆಚೆ ದಡದ ನಾಲ್ಕು ಹಕ್ಕಿಗಳು ಹಿಂದೆ ಸರಿದ ಮೇಲೆ ನಮ್ಮ ಕಡೆಯವು ಜೋಡಿಜೋಡಿಯಾಗಿ ಕುಳಿತು ಕತ್ತಿನ ಗರಿ ತೀಡಿಕೊಂಡದ್ದನ್ನು ನಾವು ನೋಡಿದೆವು.

ದೂರು ಇರುವುದು ಇದಾದ ಮೇಲಿನ ಅರ್ಧ ಗಂಟೆಯ ಬಗ್ಗೆ. ಗುಂಪು ಬೇಲಿ ದಾಟಿ ಖಾಸಗಿ ಜಮೀನಿನೊಳಗೆ ಹೋದಾಗ ಗೈಡ್ ಜೇಬಿನಿಂದ ಮೊಬೈಲ್ ತೆಗೆದು, ಚಿಕ್ಕ ಸ್ಪೀಕರಿಗೆ ಜೋಡಿಸಿ, ವುಡ್‌ಹೂಪೋ ಕೇಕೆಯ ಧ್ವನಿಮುದ್ರಣ ಹಾಕಿದರು. ಹಕ್ಕಿಗಳು ಹೊಟ್ಟೆಪಾಡು ಬಿಟ್ಟು ಓಡಿಬಂದು, ಇಲ್ಲದ ವೈರಿಯನ್ನು ಹುಡುಕುತ್ತ ನಮ್ಮ ತಲೆಯ ಮೇಲೆಯೇ ಕೂಗತೊಡಗಿದವು. ಚಿತ್ರ ತೆಗೆಯುವವರಿಗೆ ಇದು ಹಬ್ಬ. ಆದರೆ ಪರಸ್ಪರ ಕೂಗಿನಲ್ಲೇ ಸರಹದ್ದು ಕಾಯುವ ಹಕ್ಕಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ, ಗೂಡಿನಲ್ಲಿ ಮರಿಗಳಿರುವ ಕಾಲದಲ್ಲಾದರೆ ಅವುಗಳ ತುತ್ತಿಗೂ ಕುತ್ತು. ಬೇಡವೆಂದ ಕೂಡಲೇ ಅವರು ನಿಲ್ಲಿಸಿದರೆಂಬುದು ನಿಜ, ಬಹಳಷ್ಟು ಗಿರಾಕಿಗಳು ಅದನ್ನೇ ಕೇಳುತ್ತಾರೆಂದು ಹೇಳಿದ್ದೂ ಸುಳ್ಳಿರಲಾರದು. ಹಾಗಿದ್ದರೂ ಒಂದೇ ಗುಂಪಿಗೆ ದಿನವೂ ಗಿರಾಕಿಗಳನ್ನು ಕರೆತರುವ ತಂಡವೊಂದು ಈ ಅಭ್ಯಾಸವನ್ನು ತಾನಾಗಿಯೇ ಬಿಡಬೇಕು. ಧ್ವನಿಮುದ್ರಣ ಬಳಸುವುದಿಲ್ಲವೆಂದು ಫಲಕದಲ್ಲಿ ಬರೆದು ಹಾಕಿದರೆ ಒಳ್ಳೆಯ ಗಿರಾಕಿಗಳು ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ. ಎರಡನೆಯ ದೂರು ಚಿಕ್ಕದು: ನಡಿಗೆ ಮುಗಿದ ಮೇಲೆ ದೋಣಿ ವಿಹಾರಕ್ಕಾಗಿ ನಡೆದ ಒತ್ತಾಯ ಸಭ್ಯತೆಯ ಗೆರೆಯವರೆಗೂ ಬಂದಿತ್ತು.

ಉಳಿದ ಏರ್ಪಾಡುಗಳಲ್ಲಿ ಹೇಳುವಂಥ ಕೊರತೆಯಿಲ್ಲ. ಬಾಡಿಗೆಯಿಲ್ಲದೆ ಕೊಟ್ಟ ದುರ್ಬೀನು ಹಳೆಯದಾದರೂ ಮಸೂರ ಸ್ವಚ್ಛವಾಗಿತ್ತು. ದಾರಿ ಸಮತಟ್ಟು, ಕುಳಿತುಕೊಳ್ಳಲು ಮಡಚುವ ಸ್ಟೂಲನ್ನು ಸಹಾಯಕನೊಬ್ಬ ಹೊತ್ತು ತರುತ್ತಾನೆ. ರಾತ್ರಿ ಮೇಯಲು ಬಂದ ನೀರಾನೆಗಳು ಬೆಳಗಿನ ಜಾವ ಇನ್ನೂ ದಡದಲ್ಲಿರಬಹುದಾದ್ದರಿಂದ ಗೈಡ್ ಹೇಳದೆ ನೀರಿನ ಅಂಚಿಗೆ ಹೋಗಬಾರದು. ಈ ಎಚ್ಚರಿಕೆಯನ್ನು ಅವರು ಮೊದಲೇ ಹೇಳಿದರು, ನೀರಾನೆಯ ಹೊಸ ಹೆಜ್ಜೆ ಕಂಡಲ್ಲಿ ಬಳಸುದಾರಿ ಹಿಡಿದರು. ಸ್ವೆಟರ್ ಬೇಕೇ ಬೇಕು. ಇತ್ತೀಚಿನ ವರ್ಷಗಳಲ್ಲಿ ಸರೋವರದ ನೀರು ಏರಿ ದಂಡೆಯ ಅದೆಷ್ಟೋ ಫೀವರ್ ಮರಗಳು ನಿಂತಲ್ಲೇ ಸತ್ತಿವೆ, ನೀರುಕಾಗೆಗಳು ಅವುಗಳ ಮೇಲೆ ಬೀಡುಬಿಟ್ಟಿವೆ. ಆದ್ದರಿಂದ ಹಳೆಯ ನಕ್ಷೆಯಲ್ಲಿರುವ ಕಾಲುದಾರಿಗಳನ್ನು ನಂಬಿ ಗೈಡ್ ಇಲ್ಲದೆ ಹೊರಡುವ ಯೋಚನೆ ಬೇಡ.

ಪಕ್ಷಿವೀಕ್ಷಣೆಯೇ ಹೊಸದಾಗಿರುವವರಿಗೆ, ಮಕ್ಕಳನ್ನು ಕರೆತರುವವರಿಗೆ ನಾನು ಈ ಒಂದೇ ಹಕ್ಕಿಯ ನಡಿಗೆಯನ್ನು ಶಿಫಾರಸು ಮಾಡಲಾರೆ; ಪೊಟರೆಯ ಮುಂದೆ ಮಾತಿಲ್ಲದೆ ನಿಲ್ಲುವ ಮುಕ್ಕಾಲು ಗಂಟೆ ಅವರಿಗೆ ಶಿಕ್ಷೆಯಾದೀತು. ನೈರೋಬಿಯಲ್ಲೇ ಇರುವ ಅಂಥವರು ಪ್ರತಿ ಬುಧವಾರ ಬೆಳಿಗ್ಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ನೇಚರ್ ಕೆನ್ಯಾ ಸಂಸ್ಥೆ ಹೊರಡಿಸುವ ನಡಿಗೆಯಿಂದ ಶುರುಮಾಡುವುದು ಮೇಲು. ಹಕ್ಕಿಗಳ ಹೆಸರು ಗೊತ್ತಿದ್ದು, ಅವುಗಳ ಸಂಸಾರ ನೋಡಬೇಕೆನ್ನುವವರಿಗೆ ಮಾತ್ರ ನೈವಾಶಾದ್ದು ಕಾಸಿಗೆ ತಕ್ಕ ಕಜ್ಜಾಯವೇ. ಐದರಲ್ಲಿ ನಾಲ್ಕು ಕೊಡುತ್ತೇನೆ, ಕಳೆದ ಒಂದಂಕ ಸ್ಪೀಕರಿನದು.

ಫೋನಿನಲ್ಲೇ ಕಾದಿರಿಸಬಹುದು, ಹಣವನ್ನು ಎಂ-ಪೆಸಾ ಎಂಬ ಮೊಬೈಲ್ ಹಣಪಾವತಿ ಸೇವೆಯಲ್ಲಿ ಕಳಿಸಿದರೆ ಸಾಕು. ಕೆನ್ಯಾದ ವೃತ್ತಿಪರ ಸಫಾರಿ ಗೈಡ್‌ಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ದರ್ಜೆಗಳನ್ನು ಕೊಡುತ್ತದೆ. ಬರುವ ಗೈಡ್ ಯಾವ ದರ್ಜೆಯವರೆಂದು ಕೇಳಲು ಸಂಕೋಚ ಬೇಡ. ಅದಕ್ಕಿಂತ ಮುಖ್ಯವಾಗಿ, ಹಿಂದಿನ ಸಂಜೆ ಹೋಗಿ ಪೊಟರೆ ನೋಡಿಕೊಂಡು ಬರುವಿರಾ ಎಂದು ಕೇಳಿ. ಸ್ಪಷ್ಟವಾಗಿ ಹೌದೆನ್ನದಿದ್ದರೆ ಅರ್ಧ ದರದ ಸಾಮಾನ್ಯ ನಡಿಗೆಯನ್ನೇ ತೆಗೆದುಕೊಳ್ಳಿ.